ಮೊಳಕೆ ಎಣಿಸುವ ಗೆಳೆಯರಿಗೆ

ನ್ಯೂಜೆರ್ಸಿಯಲ್ಲೋ ನ್ಯೂಯಾರ್ಕಿನಲ್ಲೋ ಮನೆ ಮಾಡಿಕೊಂಡು, ಮೆಟ್ಸ್ ಬೇಸ್‌ಬಾಲ್ ತಂಡದ ಉಸಾಬರಿಯನ್ನೆಲ್ಲ ತಲೆಗೆ ಹಚ್ಚಿಕೊಂಡಿರುವ ನಮ್ಮ ಕನ್ನಡದ ಗೆಳೆಯರೇ,



ಮೊನ್ನೆ ಸಂಕ್ರಾಂತಿಯ ರಾತ್ರಿ ಎಡಿಸನ್‌ನಲ್ಲಿ ನಡೆದದ್ದು ನಿಮಗೆ ಮರೆತಿರಲಿಕ್ಕಿಲ್ಲ. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದ ದಿನ. ನಾವು ಎಂಟು ಜನ ಊಟದ ಮೇಜಿನ ಮೇಲೆ ಹಾಳೆಯೊಂದನ್ನು ಹರವಿಕೊಂಡು, ಮೆಟ್ಸ್‌ನ ಕೆಳಗಿನ ಲೀಗುಗಳಲ್ಲಿ ಆಡುತ್ತಿರುವ ಹುಡುಗರಲ್ಲಿ ಮುಂದೆ ಬರುವ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಯಾರು ಅಂತ ಒಂದರಿಂದ ಹತ್ತರವರೆಗೆ ಬರೆಯಲು ಕೂತೆವು. ಮೂರನೇ ಹೆಸರಿಗೆ ಧ್ವನಿ ಏರಿತು. ಐದನೇ ಹೆಸರಿಗೆ ಒಬ್ಬರು ಎದ್ದು ಕೋಟು ಹಾಕಿಕೊಂಡರು. ನಾನು ಬಾಯಿ ಬಿಡಲಿಲ್ಲ. ಅಲ್ಲಿ ನುಂಗಿಕೊಂಡ ಮಾತೇ ಈ ಪತ್ರ. ನಿಮಗಷ್ಟೇ ಲಕೋಟೆಯಲ್ಲಿ ಕಳಿಸಬಹುದಿತ್ತು. ಆದರೆ ಇಂಥ ಪಟ್ಟಿ ಬರೆಯುವ ಮನೆ ನಮ್ಮದೊಂದೇ ಅಲ್ಲವಲ್ಲ, ಹಾಗಾಗಿ ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

2025ರ ಸೆಪ್ಟೆಂಬರ್ 12ರ ಶುಕ್ರವಾರವನ್ನು ನೆನಪಿಸಿಕೊಳ್ಳಿ. ಫ್ಲಶಿಂಗ್‌ನ ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿಂದು ಮೆಟ್ಸ್‌ನ ಮೈದಾನ ಸಿಟಿ ಫೀಲ್ಡಿಗೆ ಹೋಗಿ ಕೂತಿದ್ದೆವು. ನಮ್ಮ ಕಡೆಯಿಂದ ಚೆಂಡು ಹಿಡಿದಿದ್ದವನು ಜೋನಾ ಟಾಂಗ್, 22 ವರ್ಷದ ಕೆನಡಾ ಹುಡುಗ. ಆ ವರ್ಷ ಮೆಟ್ಸ್‌ನ ಮೈನರ್ ತಂಡ ಬಿಂಗಮ್ಟನ್‌ನಲ್ಲಿ 102 ಇನ್ನಿಂಗ್ಸ್ ಎಸೆದು 162 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ್ದ. ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸಿಗೆ ಎಷ್ಟು ರನ್ ಕೊಟ್ಟ ಅನ್ನುವ ಸರಾಸರಿ, 1.59. ಅದರ ಮೇಲಿನ ಸಿರಾಕ್ಯೂಸ್‌ನಲ್ಲಿ ಬರೀ ಎರಡು ಪಂದ್ಯ, ಒಂದೂ ರನ್ ಕೊಡಲಿಲ್ಲ, ಅಲ್ಲಿಂದ ನೇರ ಮೇಲಕ್ಕೆ. ಎದುರು ತಂಡ ಟೆಕ್ಸಸ್ ರೇಂಜರ್ಸ್, ಅವರ ಪಿಚರ್ ಒಂದು ಕಾಲದಲ್ಲಿ ನಮ್ಮವನೇ ಆಗಿದ್ದ 37 ವರ್ಷದ ಜೇಕಬ್ ಡಿಗ್ರಾಮ್. ಟಾಂಗ್ ಇಬ್ಬರನ್ನು ಔಟ್ ಮಾಡುವಷ್ಟರಲ್ಲಿ ಆರು ರನ್ ಬಿದ್ದವು. ಮೊದಲ ಇನ್ನಿಂಗ್ ಮುಗಿಯುವ ಮುನ್ನವೇ ಹುಡುಗ ತಲೆ ತಗ್ಗಿಸಿಕೊಂಡು ಹೊರಗೆ ನಡೆದ. “ಮುಗೀತು ಬಿಡ್ರಿ, ಇವನೂ ಅಷ್ಟೇ” ಅನ್ನುವ ಮಾತು ನಮ್ಮ ಸಾಲಿನಿಂದಲೇ ಬಂತು. ಎರಡು ವಾರದ ಹಿಂದೆ, ಆಗಸ್ಟ್ 29ರಂದು, ಅವನ ಮೊದಲ ಪಂದ್ಯದ ದಿನ ಇದೇ ಗಂಟಲು “ಇನ್ನು ಹತ್ತು ವರ್ಷ ನಮಗೆ ಚಿಂತೆಯಿಲ್ಲ” ಅಂದಿತ್ತು. ಯಾರ ಗಂಟಲು ಅಂತ ನಾನು ಬರೆಯುವುದಿಲ್ಲ. ಅವರಿಗೆ ಗೊತ್ತು.

ಅಂದು ನಾನು ಟಾಂಗ್‌ಗಿಂತ ಹೆಚ್ಚಾಗಿ ಡಿಗ್ರಾಮ್‌ನನ್ನೇ ನೋಡುತ್ತಿದ್ದೆ. 2010ರ ಡ್ರಾಫ್ಟಿನಲ್ಲಿ ಮೆಟ್ಸ್ ಅವನನ್ನು ಆರಿಸಿದ್ದು ಒಂಬತ್ತನೇ ಸುತ್ತಿನಲ್ಲಿ, ಒಟ್ಟು 272ನೆಯವನಾಗಿ. ಫ್ಲಾರಿಡಾದ ಸ್ಟೆಟ್ಸನ್ ವಿಶ್ವವಿದ್ಯಾಲಯದಲ್ಲಿ ಅವನು ಬಹುಕಾಲ ಆಡಿದ್ದು ಶಾರ್ಟ್‌ಸ್ಟಾಪ್ ಜಾಗದಲ್ಲಿ. ಪಿಚಿಂಗ್ ಶುರುಮಾಡಿದ್ದೇ ತಡವಾಗಿ. ಡ್ರಾಫ್ಟ್ ಆದ ವರ್ಷವೇ ಮೊಣಕೈ ಶಸ್ತ್ರಚಿಕಿತ್ಸೆ. 2014ರ ಮೇ ತಿಂಗಳಲ್ಲಿ ನಾವೆಲ್ಲ ಕಾಯುತ್ತಿದ್ದದ್ದು ರಫಾಯೆಲ್ ಮಾಂಟೆರೊ ಎಂಬವನಿಗೆ. ಅವನು ಮೇ 14ರಂದು ಯಾಂಕೀಸ್ ವಿರುದ್ಧ ಮೊದಲ ಪಂದ್ಯ ಆಡಿದ. ಮಾರನೇ ದಿನ, ಇದ್ದ ಪಿಚರ್ ಒಬ್ಬನಿಗೆ ಪೆಟ್ಟಾಗಿದೆ ಅನ್ನುವ ಕಾರಣಕ್ಕೆ ಡಿಗ್ರಾಮ್‌ಗೆ ಅವಕಾಶ ಸಿಕ್ಕಿತು. ಏಳು ಇನ್ನಿಂಗ್ಸಿನಲ್ಲಿ ಒಂದೇ ರನ್ ಕೊಟ್ಟ, ಆದರೂ ಪಂದ್ಯ 1-0ಯಿಂದ ಸೋತೆವು. ಆ ವರ್ಷ ಲೀಗಿನ ಅತ್ಯುತ್ತಮ ಹೊಸಬ ಅವನೇ. 2018ರಲ್ಲಿ 1.70 ಇಆರ್‌ಎಯೊಂದಿಗೆ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, 2019ರಲ್ಲಿ ಮತ್ತೊಮ್ಮೆ. 2014ರ ಜನವರಿಯಲ್ಲಿ ನಾನು ಬರೆದ ಪಟ್ಟಿ ಈಗಲೂ ಹಳೆಯ ಡೈರಿಯಲ್ಲಿದೆ. ಮಾಂಟೆರೊ ಎರಡನೆಯವನು. ಡಿಗ್ರಾಮ್ ಹೆಸರೇ ಇಲ್ಲ.

ಹಾಗಂತ ಮಾಂಟೆರೊ ಕೆಟ್ಟುಹೋದನೇ? ನಮ್ಮ ಪಾಲಿಗೆ ಹೌದು. ಆದರೆ 2022ರ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್‌ನ ನಾಲ್ವರು ಪಿಚರ್‌ಗಳು ಸೇರಿ ಫಿಲಡೆಲ್ಫಿಯಾಗೆ ಒಂದೂ ಹಿಟ್ ಕೊಡದೆ ಕಟ್ಟಿಹಾಕಿದರಲ್ಲ, ಅದರಲ್ಲಿ ಎಂಟನೇ ಇನ್ನಿಂಗ್ ಎಸೆದವನು ಈ ಮಾಂಟೆರೊ. ಅಂದರೆ ನಮ್ಮ ಹಾಳೆ ಎರಡು ಸಲ ತಪ್ಪಿತ್ತು. ಒಮ್ಮೆ ಅವನನ್ನು ತೀರಾ ಎತ್ತರಕ್ಕೆ ಏರಿಸಿ, ಇನ್ನೊಮ್ಮೆ ಹೆಸರು ಹೊಡೆದುಹಾಕಿ.

ನಮ್ಮ ಕೂಟಕ್ಕೆ ಹೊಸದಾಗಿ ಬಂದವರಿಗೆ ಈ ಆಟದ ಏಣಿಯ ಪರಿಚಯ ಮಾಡಿಕೊಟ್ಟು ಮುಂದೆ ಹೋಗುತ್ತೇನೆ. ಬೇಸ್‌ಬಾಲಿನವರು ಇದಕ್ಕೆ ಇಟ್ಟುಕೊಂಡ ಹೆಸರೇ ‘ಫಾರ್ಮ್’. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕಾಗಿ ಬ್ರ್ಯಾಂಚ್ ರಿಕಿ ಕಟ್ಟಿ ಬೆಳೆಸಿದ ವ್ಯವಸ್ಥೆ: ಆಟಗಾರರನ್ನು ಕೊಳ್ಳುವ ಬದಲು ಸಣ್ಣ ಊರುಗಳ ತಂಡಗಳಲ್ಲಿ ತಾವೇ ಬೆಳೆಸಿಕೊಳ್ಳುವುದು. ನಮ್ಮ ಮಲೆನಾಡಿನ ಭಾಷೆಯಲ್ಲಿ ಹೇಳುವುದಾದರೆ ಸಸಿಮಡಿ. 2021ರಿಂದ 30 ಮೇಜರ್ ಲೀಗ್ ತಂಡಗಳಿಗೂ ತಲಾ ನಾಲ್ಕರಂತೆ 120 ಮೈನರ್ ಲೀಗ್ ತಂಡಗಳಿವೆ. ಮೆಟ್ಸ್ ಹುಡುಗರು ಹತ್ತುವ ದಾರಿ ಫ್ಲಾರಿಡಾದ ಸೇಂಟ್ ಲೂಸಿ, ಬ್ರೂಕ್ಲಿನ್, ಬಿಂಗಮ್ಟನ್, ಸಿರಾಕ್ಯೂಸ್, ಆಮೇಲೆ ಕ್ವೀನ್ಸ್‌ನ ಸಿಟಿ ಫೀಲ್ಡ್. ಇದಕ್ಕೂ ಕೆಳಗೆ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹದಿನೇಳು ಹದಿನೆಂಟರ ಪೋರರ ಬೇಸಿಗೆ ಲೀಗು. ಅಮೆರಿಕದ ನೆಲದಲ್ಲಿ ಒಂದು ತಂಡ ಹೀಗೆ 165 ಜನರನ್ನು ಇಟ್ಟುಕೊಳ್ಳಬಹುದು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಪಿಚರ್‌ಗಳು. ಮೇಲಿನ 26 ಜನರ ತಂಡದಲ್ಲಿ ಪಿಚರ್‌ಗಳಿಗೆ ಇರುವ ಜಾಗ ಹದಿಮೂರು. ಆ ಹದಿಮೂರರಲ್ಲೂ ಬಹುಪಾಲು ಈಗಾಗಲೇ ಭರ್ತಿ. ನಾವು ಊಟದ ಮೇಜಿನ ಮೇಲೆ ಹಂಚುತ್ತಿರುವುದು ಅಂಥ ಜಾಗಗಳನ್ನು.

ಅಂಕಿಗಳ ಮಾತಿಗೆ ಬರೋಣ, ಯಾಕೆಂದರೆ ಅರ್ಧ ಜಗಳ ಅಲ್ಲಿಯದೇ. ನೀವು ಇಆರ್‌ಎ ನೋಡಿ ಹುಡುಗನಿಗೆ ಅಂಕ ಹಾಕುತ್ತೀರಿ. ಮೆಟ್ಸ್‌ನ ಮೇಲಿನ ಮೈನರ್ ತಂಡ 2013ರಿಂದ 2018ರವರೆಗೆ ಲಾಸ್ ವೇಗಸ್‌ನಲ್ಲಿತ್ತು. ಮರುಭೂಮಿಯ ಒಣ ಗಾಳಿಯಲ್ಲಿ ಚೆಂಡು ಹಾರಿಹೋಗುತ್ತದೆ, ಕರ್ವ್ ಸರಿಯಾಗಿ ಬಾಗುವುದಿಲ್ಲ. ಬ್ರೂಕ್ಲಿನ್‌ನ ಮೈದಾನ ಕೋನಿ ಐಲೆಂಡಿನ ಸಮುದ್ರದ ಪಕ್ಕದಲ್ಲೇ ಇದೆ. ಬೀಸಿ ಹೊಡೆದ ಚೆಂಡನ್ನು ಗಾಳಿಯೇ ಹಿಡಿದು ಫೀಲ್ಡರ್ ಕೈಗೆ ಹಾಕುತ್ತದೆ. ಬ್ರೂಕ್ಲಿನ್‌ನ 2.50ನ್ನೂ ವೇಗಸ್‌ನ 4.50ನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ತೂಗುವವನದೇ ತಪ್ಪು. ಚೆಂಡೂ ಒಂದೇ ಅಲ್ಲ. 2019ರಿಂದ ಟ್ರಿಪಲ್-ಎ ಮಟ್ಟದಲ್ಲಿ ಮೇಜರ್ ಲೀಗಿನ ಚೆಂಡನ್ನೇ ಬಳಸುತ್ತಾರೆ, ಅದಕ್ಕಿಂತ ಕೆಳಗಿನದು ಬೇರೆ ಚೆಂಡು. ಬಿಂಗಮ್ಟನ್‌ನಿಂದ ಸಿರಾಕ್ಯೂಸ್‌ಗೆ ಬಂದ ಹುಡುಗನ ಬೆರಳಿಗೆ ಹೊಲಿಗೆಯೇ ಹೊಸದು. ಟಾಂಗ್ ಅಲ್ಲಿ ಎರಡೇ ಪಂದ್ಯ ಆಡಿದ ಅನ್ನುವುದನ್ನು ಇದರ ಜೊತೆ ಇಟ್ಟು ನೋಡಿ.

ಹಾಗಾದರೆ ಏನು ನೋಡಬೇಕು? ಎಷ್ಟು ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಎಷ್ಟು ಜನರಿಗೆ ಪುಕ್ಕಟೆ ವಾಕ್ ಕೊಟ್ಟ. 2001ರಲ್ಲಿ ಅಂಕಿಗಳ ಅಧ್ಯಯನಕಾರ ವೊರೋಸ್ ಮೆಕ್‌ಕ್ರಾಕೆನ್ ತೋರಿಸಿಕೊಟ್ಟದ್ದು ಇದನ್ನೇ: ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತದೋ ಔಟ್ ಆಗುತ್ತದೋ ಅನ್ನುವುದರ ಮೇಲೆ ಪಿಚರ್‌ಗೆ ನಾವು ಅಂದುಕೊಂಡಷ್ಟು ಹಿಡಿತವಿಲ್ಲ. ಅದರಲ್ಲಿ ಫೀಲ್ಡರ್‌ಗಳ ಪಾಲಿದೆ, ಅದೃಷ್ಟದ ಪಾಲಿದೆ. ಅದಕ್ಕೂ ಮುಂಚೆ, 1985ರಲ್ಲೇ, ಮೈನರ್ ಲೀಗಿನ ಅಂಕಿಗಳನ್ನು ಮೇಜರ್ ಲೀಗಿನ ಅಳತೆಗೆ ಇಳಿಸುವ ಲೆಕ್ಕವನ್ನು ಬಿಲ್ ಜೇಮ್ಸ್ ಪ್ರಕಟಿಸಿದ್ದರು. ಅದು ಬ್ಯಾಟರ್‌ಗಳ ಲೆಕ್ಕ. ಬ್ಯಾಟರ್‌ಗಳ ವಿಷಯದಲ್ಲಿ ಇಂಥ ಲೆಕ್ಕ ಒಂದು ಮಟ್ಟಿಗೆ ನಿಲ್ಲುತ್ತದೆ. ಪಿಚರ್‌ಗಳಲ್ಲಿ ಜಾರುತ್ತದೆ.

ಇನ್ನೊಂದು ವಯಸ್ಸು. 24 ವರ್ಷದವನು ಸೇಂಟ್ ಲೂಸಿಯಲ್ಲಿ ಒಳ್ಳೆಯ ಚೇಂಜಪ್ (ಮೋಸಗೊಳಿಸುವ ನಿಧಾನದ ಎಸೆತ) ಇಟ್ಟುಕೊಂಡು 19ರ ಪೋರರನ್ನು ಆಡಿಸಿದರೆ, ಅದು ದೊಡ್ಡ ತರಗತಿಯವನು ಚಿಕ್ಕವರ ಗೋಲಿ ಗೆದ್ದ ಹಾಗೆ. ನಮ್ಮ ಹಾಳೆಯ ನಾಲ್ಕನೆಯ ಹೆಸರು ಅಂಥದ್ದು ಅನ್ನುವುದು ನನ್ನ ಗುಮಾನಿ.

ಈಗ ಮೊಣಕೈಯ ಮಾತು. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ.

ಕ್ರಿಕೆಟ್ ನೋಡಿ ಬೆಳೆದವರು ನಾವು. ವೇಗದ ಬೌಲರ್ ಕೈ ನೇರ ಇಟ್ಟು ಓಡಿ ಬಂದು ಎಸೆಯುತ್ತಾನೆ, ಅವನ ಬೆನ್ನು ಮುರಿಯುತ್ತದೆ. ಪಿಚರ್ ನಿಂತಲ್ಲೇ ಮೈ ತಿರುಚಿ, ಮಡಚಿದ ಮೊಣಕೈಯನ್ನು ಚಾಟಿಯ ಹಾಗೆ ಬೀಸುತ್ತಾನೆ. ಆ ಎಳೆತವನ್ನೆಲ್ಲ ಮೊಣಕೈಯ ಒಳಬದಿಯ ಒಂದು ಸಣ್ಣ ಅಸ್ಥಿರಜ್ಜು ತಡೆದುಕೊಳ್ಳಬೇಕು. 1974ರಲ್ಲಿ ಡಾಡ್ಜರ್ಸ್ ತಂಡದ ಟಾಮಿ ಜಾನ್‌ಗೆ ಅದು ಹರಿದಾಗ ಡಾ. ಫ್ರ್ಯಾಂಕ್ ಜೋಬ್ ಅವನ ಮುಂಗೈಯಿಂದಲೇ ಸ್ನಾಯುರಜ್ಜು ತೆಗೆದು ಅಲ್ಲಿ ಕಸಿ ಮಾಡಿದರು. 1975 ಪೂರ್ತಿ ಮನೆಯಲ್ಲಿ ಕೂತ ಟಾಮಿ ಜಾನ್ 1976ರಲ್ಲಿ ಮರಳಿ, 1989ರವರೆಗೂ ಆಡಿದ. ಅವನ 288 ಗೆಲುವುಗಳಲ್ಲಿ 164 ಬಂದದ್ದು ಕಸಿಯಾದ ಮೇಲೆ. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಈ ಯಶಸ್ಸಿನ ಕಥೆಯೇ ನಮ್ಮನ್ನು ಹಾಳು ಮಾಡಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಮೊಣಕೈ ಹೋದರೆ ಹೊಲಿಸಿಕೊಂಡು ಬರುತ್ತಾನೆ, ಒಂದು ವರ್ಷದ ಮಾತು ಅಂತ ಟೈರ್ ಬದಲಿಸಿದಷ್ಟು ಸಲೀಸಾಗಿ ಮಾತಾಡಿಬಿಡುತ್ತೇವೆ.

2015ರಲ್ಲಿ ನಮ್ಮನ್ನು ವರ್ಲ್ಡ್ ಸೀರೀಸ್‌ಗೆ ಒಯ್ಯುತ್ತಾರೆ ಅಂತ ನಾವು ಎದೆಯುಬ್ಬಿಸಿಕೊಂಡು ಎಣಿಸುತ್ತಿದ್ದ ಐದು ಹೆಸರುಗಳನ್ನು ಒಮ್ಮೆ ಹೇಳಿ ನೋಡಿ. ಹಾರ್ವಿ, ಡಿಗ್ರಾಮ್, ವೀಲರ್, ಸಿಂಡರ್‌ಗಾರ್ಡ್, ಮಾಟ್ಸ್. ಐವರಿಗೂ ಟಾಮಿ ಜಾನ್ ಆಗಿದೆ. ಮಾಟ್ಸ್, ಡಿಗ್ರಾಮ್ ಇಬ್ಬರಿಗೂ 2010ರಲ್ಲಿ, ಹಾರ್ವಿಗೆ 2013ರಲ್ಲಿ, ವೀಲರ್‌ಗೆ ಆ 2015ರ ಮಾರ್ಚ್‌ನಲ್ಲೇ, ಸಿಂಡರ್‌ಗಾರ್ಡ್‌ಗೆ 2020ರಲ್ಲಿ. ಡಿಗ್ರಾಮ್‌ಗೆ 2023ರಲ್ಲಿ ಎರಡನೇ ಸಲ. ಐದಕ್ಕೆ ಐದು. ಆದರೂ 2015ರಲ್ಲಿ ಫೈನಲ್‌ವರೆಗೆ ಹೋದೆವು, ಕಾನ್ಸಸ್ ಸಿಟಿಗೆ ಸೋತೆವು.

ಅದಕ್ಕೂ ಇಪ್ಪತ್ತು ವರ್ಷ ಹಿಂದಿನದನ್ನು ನಮ್ಮಲ್ಲಿ ಹಿರಿಯರು ನೋಡಿದ್ದಾರೆ. ‘ಜನರೇಷನ್ ಕೆ’ ಅಂತ ಪತ್ರಿಕೆಗಳು ಕುಣಿದಾಡಿದ ಮೂವರು: ಪಾಲ್ ವಿಲ್ಸನ್, ಬಿಲ್ ಪಲ್ಸಿಫರ್, ಜೇಸನ್ ಇಸ್ರಿಂಗ್‌ಹೌಸನ್. ವಿಲ್ಸನ್ 1994ರ ಡ್ರಾಫ್ಟಿನಲ್ಲಿ ಇಡೀ ದೇಶಕ್ಕೇ ಮೊದಲನೆಯವನು. 1996ರಲ್ಲಿ ಮೇಲೆ ಬಂದು 5 ಗೆಲುವು, 12 ಸೋಲು, ಇಆರ್‌ಎ 5.38, ಆಮೇಲೆ ಗಾಯದ ಮೇಲೆ ಗಾಯ. ಪಲ್ಸಿಫರ್ 1996ರಲ್ಲಿ ಮೊಣಕೈ ಹೊಲಿಸಿಕೊಂಡು ಇಡೀ ವರ್ಷ ಕಳೆದುಕೊಂಡ. ಇಸ್ರಿಂಗ್‌ಹೌಸನ್ ಡ್ರಾಫ್ಟಿಗೆ ಬಂದದ್ದು 44ನೇ ಸುತ್ತಿನಲ್ಲಿ! ಅವನಿಗೂ ಕತ್ತರಿ ತಪ್ಪಲಿಲ್ಲ. ಆದರೆ ಕೊನೆಯ ಇನ್ನಿಂಗ್ ಎಸೆಯುವ ಕ್ಲೋಸರ್ ಆಗಿ ಬೇರೆ ಊರುಗಳಲ್ಲಿ ಬಾಳಿ, 2011ರಲ್ಲಿ ಮತ್ತೆ ಮೆಟ್ಸ್‌ಗೇ ಬಂದು 300ನೇ ಸೇವ್ ಪಡೆದ. ಮೂವರಲ್ಲಿ ನಿಂತವನು ಯಾರೂ ಕೇಳದ ಸುತ್ತಿನವನು. ಡ್ರಾಫ್ಟನ್ನು 2021ರಿಂದ 20 ಸುತ್ತಿಗೆ ಇಳಿಸಿದ್ದಾರೆ. ಇವತ್ತಾಗಿದ್ದರೆ 44ನೇ ಸುತ್ತು ಅನ್ನುವುದೇ ಇರುತ್ತಿರಲಿಲ್ಲ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುತ್ತಾರೆ. ಅಂದವರು ಪಿಚರ್‌ಗಳನ್ನು ನೋಡಿರಲಿಲ್ಲ. ‘ಬೇಸ್‌ಬಾಲ್ ಪ್ರಾಸ್ಪೆಕ್ಟಸ್’ನ ಗ್ಯಾರಿ ಹಕಬೇ ಈ ಆಟಕ್ಕೆ ತಂದ ಮಾತು ಅದರ ತಲೆಕೆಳಗು: ಭರವಸೆಯ ಪಿಚಿಂಗ್ ಮೊಳಕೆ ಎಂಬ ವಸ್ತುವೇ ಇಲ್ಲ. ಅದೂ ಅತಿಯೇ. ಮೊಳಕೆ ಇದೆ, ಕಾಣುತ್ತದೆ. ಟಾಂಗ್‌ನ ಎಸೆತ ನೋಡಿದವರಿಗೆ ಅದು ಗೊತ್ತು. ಪಿಚರ್ ಟಿಮ್ ಲಿನ್ಸಿಕಮ್‌ನನ್ನು ನೋಡಿ ಕಲಿತ ಆ ಎತ್ತರದ ಕೈ, ಬ್ಯಾಟರ್‌ನ ಕಣ್ಣಿಗೆ ಮೇಲೇರುತ್ತಿರುವಂತೆ ಬರುವ ಆ ಫಾಸ್ಟ್‌ಬಾಲ್. ಕಾಣದಿರುವುದು ಮೊಣಕೈಯೊಳಗಿನ ಆ ಹಗ್ಗ ಎಷ್ಟು ದಿನ ತಾಳುತ್ತದೆ ಅನ್ನುವುದು.

ಮೇಲಾಗಿ ಹಗ್ಗವನ್ನು ಈಗ ಮೊದಲಿಗಿಂತ ಗಟ್ಟಿಯಾಗಿ ಎಳೆಯುತ್ತಿದ್ದಾರೆ. ಮೇಜರ್ ಲೀಗ್ 2024ರ ಡಿಸೆಂಬರ್‌ನಲ್ಲಿ ಪಿಚರ್‌ಗಳ ಗಾಯದ ಬಗ್ಗೆ ವರದಿಯೊಂದನ್ನು ಪ್ರಕಟಿಸಿತು. ಅದು ಬೆರಳು ತೋರಿಸಿದ್ದು ವೇಗದ ಹುಚ್ಚಿನ ಕಡೆ, ಚೆಂಡು ತಿರುಗಿಸುವ ಹುಚ್ಚಿನ ಕಡೆ, ಪ್ರತಿ ಎಸೆತಕ್ಕೂ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕುವ ಅಭ್ಯಾಸದ ಕಡೆ. 2008ರಲ್ಲಿ ಸರಾಸರಿ ಫಾಸ್ಟ್‌ಬಾಲ್ ಗಂಟೆಗೆ 91.3 ಮೈಲಿ, 2024ರಲ್ಲಿ 94.2. ನಾವು ಹಾಳೆಯಲ್ಲಿ ಹೆಸರಿನ ಮುಂದೆ ಮೊದಲು ಬರೆಯುವುದೂ ವೇಗವನ್ನೇ. ಯಾವ ಅಂಕಿಯನ್ನು ನೋಡಿ ಹುಡುಗನನ್ನು ಮೇಲೇರಿಸುತ್ತೇವೋ, ಅವನನ್ನು ಆಪರೇಷನ್ ಟೇಬಲ್ಲಿಗೆ ಹತ್ತಿರ ಮಾಡುವುದೂ ಅದೇ ಅಂಕಿ.

ಕುಮಾರ್ ರಾಕರ್ ವಿಷಯದಲ್ಲಿ ನಾವು ಆಡಿದ ಮಾತು ನೆನಪಿದೆಯೇ? ತಾಯಿಯ ಕಡೆಯಿಂದ ಭಾರತದ ಮೂಲ, ಹೆಸರು ಕುಮಾರ್. 2021ರಲ್ಲಿ ಮೆಟ್ಸ್ ಅವನನ್ನು ಹತ್ತನೆಯವನಾಗಿ ಆರಿಸಿದಾಗ ನಮ್ಮ ಮನೆಗಳಲ್ಲಿ ಸೋದರಳಿಯನಿಗೆ ಸೀಟು ಸಿಕ್ಕಷ್ಟು ಸಂಭ್ರಮ. 2019ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರವಾಗಿ ಡ್ಯೂಕ್ ತಂಡಕ್ಕೆ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಮಾಡಿದ್ದ ಹುಡುಗ. ಆಮೇಲೆ ವೈದ್ಯರು ಕೈ ಪರೀಕ್ಷಿಸಿದರು, ಮೆಟ್ಸ್ ಸಹಿ ಹಾಕಲಿಲ್ಲ. ನಾವು ಬೈದೆವು, ನಾನಂತೂ ಜೋರಾಗಿಯೇ. ಮರುವರ್ಷ ಟೆಕ್ಸಸ್ ಅವನನ್ನು ಮೂರನೆಯವನಾಗಿ ಆರಿಸಿತು. 2023ರಲ್ಲಿ ಟಾಮಿ ಜಾನ್ ಆಯಿತು, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ಆಡಿದ. ಮೆಟ್ಸ್ ಮಾಡಿದ್ದು ಸರಿಯೋ ತಪ್ಪೋ? ಎರಡಕ್ಕೂ ಪುರಾವೆ ಸಿಗುತ್ತದೆ, ಅದೇ ತಮಾಷೆ.

ನನ್ನ ಬೇಡಿಕೆ ಸಣ್ಣದು. ಒಂದರಿಂದ ಹತ್ತು ಅಂತ ಬರೆಯುವುದನ್ನು ಬಿಡೋಣ. ವೃತ್ತಿಯಲ್ಲಿ ಇದನ್ನೇ ಮಾಡುವವರು ಹಾಗೆ ಬರೆಯುವುದಿಲ್ಲ. ನೇಟ್ ಸಿಲ್ವರ್ 2003ರಲ್ಲಿ ಹೊರತಂದ ಪೆಕೋಟಾ ಲೆಕ್ಕ ಪ್ರತಿಯೊಬ್ಬ ಆಟಗಾರನಿಗೂ ಒಂದು ಅಂಕಿ ಕೊಡದೆ ಒಂದು ಹರಹನ್ನು ಕೊಟ್ಟಿತು: ಚೆನ್ನಾಗಿ ಕೂಡಿಬಂದರೆ ಇಷ್ಟು, ಸಾಮಾನ್ಯವಾಗಿ ಇಷ್ಟು, ಕೆಟ್ಟರೆ ಇಷ್ಟು. ಹವಾಮಾನದವರು ನಾಳೆ ಮಳೆ ಅನ್ನದೆ ಮಳೆಗೆ ಶೇಕಡ 60 ಸಾಧ್ಯತೆ ಅನ್ನುವ ಹಾಗೆ. ನಾವು ಆ ಹರಹನ್ನು ಬಡಿದು ಚಪ್ಪಟೆ ಮಾಡಿ ಒಂದು ಸ್ಥಾನ ಕೊಟ್ಟುಬಿಡುತ್ತೇವೆ. ಅದರ ಬದಲು ಪ್ರತಿ ಹೆಸರಿನ ಮುಂದೆ ಮೂರು ಸಾಲು ಬರೆಯೋಣ. ಎಲ್ಲ ಕೂಡಿಬಂದರೆ ಏನಾಗುತ್ತಾನೆ. ಎರಡೇ ಬಗೆಯ ಎಸೆತ ಉಳಿದು ಒಂದೊಂದು ಇನ್ನಿಂಗ್ ಎಸೆಯುವವನಾದರೆ ಎಷ್ಟು ಬೆಲೆ. ಮೊಣಕೈ ಹೋದರೆ ಎಷ್ಟನೇ ವಯಸ್ಸಿಗೆ ಮರಳುತ್ತಾನೆ. ಮೂರನೇ ಸಾಲನ್ನು ಯಾರಿಗೂ ಖಾಲಿ ಬಿಡುವಂತಿಲ್ಲ.

ನಾಲ್ಕನೇ ಸಾಲೂ ಒಂದಿದೆ, ನಮಗೆ ಬರೆಯಲು ಮನಸ್ಸಾಗದ್ದು: ಇವನನ್ನು ಕೊಟ್ಟರೆ ಯಾರು ಸಿಗುತ್ತಾರೆ? ವೀಲರ್ ನಮಗೆ ಬಂದದ್ದು 2011ರಲ್ಲಿ ಬ್ಯಾಟರ್ ಬೆಲ್ಟ್ರಾನ್‌ನನ್ನು ಕೊಟ್ಟು, ಸಿಂಡರ್‌ಗಾರ್ಡ್ ಬಂದದ್ದು 2012ರಲ್ಲಿ ಪಿಚರ್ ಡಿಕಿಯನ್ನು ಕೊಟ್ಟು. 2015ರ ಜುಲೈನಲ್ಲಿ ಮೈಕಲ್ ಫುಲ್ಮರ್‌ನನ್ನು ಡೆಟ್ರಾಯಿಟ್‌ಗೆ ಕೊಟ್ಟು ಬ್ಯಾಟರ್ ಸೆಸ್ಪೆಡಸ್‌ನನ್ನು ತಂದೆವು. ಸೆಸ್ಪೆಡಸ್ ಇಲ್ಲದೆ ಆ ವರ್ಷ ಎಲ್ಲಿಗೂ ಹೋಗುತ್ತಿರಲಿಲ್ಲ. ಫುಲ್ಮರ್ ಮರುವರ್ಷ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸಬನಾದ, ಆಮೇಲೆ ಅವನ ಮೊಣಕೈಯೂ ಹೋಯಿತು. (ಆಮೇಲೆ ದಂತಕಥೆಯಾದ ಪಿಚರ್ ನೋಲನ್ ರಯನ್‌ನನ್ನು 1971ರಲ್ಲಿ ಕೊಟ್ಟ ಕಥೆಯನ್ನು ಯಾರೂ ಎತ್ತಬೇಡಿ. ಅದಕ್ಕೆ ಉತ್ತರವಿಲ್ಲ.) ಅಪ್ಪ ತೋಟದಲ್ಲಿ ಹೊಸ ಅಡಿಕೆ ಸಸಿ ಇಡುವಾಗ ಬೇಕಾದ್ದಕ್ಕಿಂತ ಹೆಚ್ಚು ಸಸಿ ಬೆಳೆಸಿರುತ್ತಿದ್ದರು. ಕೆಲವು ಸಾಯುತ್ತವೆ, ಕೆಲವನ್ನು ಪಕ್ಕದ ಮನೆಯವರು ಕೇಳುತ್ತಾರೆ. ಯಾವ ಸಸಿಗೂ ಅವರು ನಂಬರು ಹಾಕಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ನಮ್ಮಲ್ಲೊಬ್ಬರ ಮಗ ಈಗ ಏಳನೇ ತರಗತಿ. ಸಂಕ್ರಾಂತಿಯ ರಾತ್ರಿ ಅವನು ಪಕ್ಕದಲ್ಲೇ ನಿಂತು ನಮ್ಮ ಮಾತು ಕೇಳುತ್ತಿದ್ದ. ಹೋಗುವಾಗ ನನ್ನ ಹತ್ತಿರ ಬಂದು, “ಅಂಕಲ್, ಗಂಟೆಗೆ ಎಪ್ಪತ್ತು ಮೈಲಿ ಎಸೆಯೋಕೆ ಏನು ಮಾಡಬೇಕು?” ಅಂದ. ನಾನು ಏನೂ ಹೇಳಲಿಲ್ಲ. ಲಿಟಲ್ ಲೀಗಿನಲ್ಲಿ 11-12 ವಯಸ್ಸಿನವರಿಗೆ ದಿನಕ್ಕೆ 85 ಎಸೆತದ ಮಿತಿ ಇದೆ. ಲೀಗು ಮುಗಿದ ಮೇಲೆ ಹಿತ್ತಿಲಲ್ಲಿ ಎಸೆದದ್ದನ್ನು ಎಣಿಸುವವರು ಯಾರೂ ಇಲ್ಲ. ನಮ್ಮ ಹಾಳೆಯನ್ನು ಅವನು ಓದುತ್ತಾನೆ ಅನ್ನುವುದು ನಮಗೆ ಹೊಳೆದಿರಲಿಲ್ಲ.

ಆ ಹುಡುಗನ ಪ್ರಶ್ನೆ ಕೇಳಿದ ಮೇಲೆ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರನ್ನೂ ಮತ್ತೆ ನೆನೆದೆ. ಈಟಿ ಎಸೆಯುತ್ತಿದ್ದ ಉತ್ತರ ಪ್ರದೇಶದ ಹುಡುಗರು. ಬೇಸ್‌ಬಾಲ್ ಕೈಯಲ್ಲಿ ಹಿಡಿದೇ ಇರಲಿಲ್ಲ. ವೇಗ ಅಳೆಯುವ ಒಂದು ಸ್ಪರ್ಧೆಯಿಂದ ಆಯ್ಕೆಯಾಗಿ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದರು. ಅವರ ಮೇಲೆ ಡಿಸ್ನಿ 2014ರಲ್ಲಿ ಸಿನಿಮಾನೇ ತೆಗೆಯಿತು. ದಿನೇಶ್ ಎರಡು ವರ್ಷಕ್ಕೆ ಊರಿಗೆ ಮರಳಿದ. ರಿಂಕು ವೆಸ್ಟ್ ವರ್ಜಿನಿಯಾದ ಸಿಂಗಲ್-ಎ ತಂಡದವರೆಗೆ ಹತ್ತಿದ, ಆಮೇಲೆ ಕೈ ಕೈಕೊಟ್ಟಿತು, ಮುಂದೆ ಕುಸ್ತಿಯ ಕಣಕ್ಕಿಳಿದ. ಸಿನಿಮಾ ನೋಡಿ ಚಪ್ಪಾಳೆ ಹೊಡೆದ ನಾವು, ಶೂನ್ಯದಿಂದ ಸಿಂಗಲ್-ಎ ಮುಟ್ಟುವುದು ಎಂಥ ಏರು ಅಂತ ಆಗ ಯೋಚಿಸಿದ್ದು ಕಡಿಮೆ. ಮೇಲೆ ಬರಲಿಲ್ಲ ಅಂತ ಮಾತ್ರ ಬರೆದುಕೊಂಡೆವು.

ಟಾಂಗ್ ಬಗ್ಗೆ ನನ್ನ ಮೂರು ಸಾಲು ಇಲ್ಲಿದೆ, ನಿಮ್ಮದನ್ನೂ ಕಳಿಸಿ. ಕೂಡಿಬಂದರೆ ತಂಡದ ಮೊದಲ ಇಬ್ಬರು ಪಿಚರ್‌ಗಳಲ್ಲಿ ಒಬ್ಬ. ಮೂರನೇ ಬಗೆಯ ಎಸೆತ ಪಳಗದಿದ್ದರೆ ಎಂಟನೇ ಇನ್ನಿಂಗಿನಲ್ಲಿ ಎದುರಾಳಿಗೆ ಭಯ ಹುಟ್ಟಿಸುವವನು. ಮೊಣಕೈ ಹೋದರೆ 24, 25ರಲ್ಲಿ ಮತ್ತೆ ಶುರು. ಡಿಗ್ರಾಮ್ ಮೊದಲ ಸಲ ಮೇಲೆ ಬಂದದ್ದೂ 25ಕ್ಕೆ. ಟಾಂಗ್ ಬಂದ ವರ್ಷವೇ ಮೇಲೆ ಬಂದ ನೋಲನ್ ಮೆಕ್ಲೀನ್‌ನದು ಬರೆಯುವಾಗ ಎಚ್ಚರ. ಆ ವರ್ಷ ಎಂಟು ಪಂದ್ಯದಲ್ಲಿ 5 ಗೆಲುವು, ಇಆರ್‌ಎ 2.06 ಅನ್ನುವುದನ್ನು ನೋಡಿ ನಿಮ್ಮ ಪೆನ್ನು ಈಗಾಗಲೇ ಓಡುತ್ತಿರಬಹುದು. ಎಂಟೇ ಪಂದ್ಯ.

ಏಪ್ರಿಲ್‌ನಲ್ಲಿ ಬಿಂಗಮ್ಟನ್‌ಗೆ ಹೋಗೋಣ. ನನ್ನ ಕಾರಿನಲ್ಲಿ ಮೂರು ಸೀಟು ಖಾಲಿ ಇವೆ, ಒಂದು ಆ ಹುಡುಗನಿಗೆ. ಅಲ್ಲಿ ಏಪ್ರಿಲ್ ಅಂದರೆ ಇನ್ನೂ ಚಳಿಗಾಲವೇ, ಸ್ವೆಟರ್ ತನ್ನಿ. ಹೋದ ಸಲ ಪುಳಿಯೋಗರೆ ತರುತ್ತೇನೆಂದವರು ಡಬ್ಬವನ್ನು ಮನೆಯಲ್ಲೇ ಮರೆತು ಬಂದಿದ್ದರು. ಈ ಸಲ ನಾನೇ ಕಟ್ಟಿಕೊಂಡು ಬರುತ್ತೇನೆ, ಪಾರ್ಕಿಂಗ್‌ನಲ್ಲೇ ತಿಂದು ಒಳಗೆ ಹೋಗೋಣ.

ಇತಿ ನಿಮ್ಮವ,
ಸಾಲಿನ ಕೊನೆಯ ಸೀಟಿನವ